ಕಣ್ಣುಪಟ್ಟಿಯವಳು

ಜೀವ ಇರುವ ಒಂದು ಕುದುರೆಯನ್ನು ತಿಂಗಳು ಪೂರ್ತಿ ಸಾಕಲು ಒಣಹುಲ್ಲು, ಕಾಳು, ಹೊಟ್ಟು, ಲಾಳ, ಪಶುವೈದ್ಯ, ಲಾಯ ಗುಡಿಸುವವರ ಕೂಲಿ ಎಲ್ಲ ಸೇರಿ ಅವಳ ಸಂಬಳದ ಎರಡರಷ್ಟಾಗುತ್ತದೆ. ಬಟ್ಟೆಯ ಕುದುರೆಗೆ ಹೊಲಿಸಿದ ದಿನ ಕೊಟ್ಟದ್ದೇ ಕೊನೆ. ಆಮೇಲೆ ಅದು ಏನನ್ನೂ ಕೇಳುವುದಿಲ್ಲ, ಆಗಾಗ ಬಿಸಿಲಿಗಿಟ್ಟು ಧೂಳು ಬಡಿದರೆ ಸಾಕು. ಕೆಲಸಕ್ಕೆ ಸೇರಿದ ದಿನ ಡಾಕ್ಟರಮ್ಮ ಇದನ್ನೆಲ್ಲ ಬೆರಳು ಮಡಿಸುತ್ತ ಹೇಳಿದಾಗ ಅವಳಿಗೆ ಮೊದಲು ಹೊಳೆದದ್ದು, ಹಾಗಾದರೆ ತಾನು ಅರ್ಧ ಕುದುರೆ ಎಂದು. ನಗು ಬಂತು, ತಡೆದುಕೊಂಡಳು. ದುಡ್ಡು ಕೊಡುವ ಸಂಸ್ಥೆಯವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆಟಿಸಂ ಇರುವ ಮಕ್ಕಳನ್ನು ಕುದುರೆ ಹತ್ತಿಸಿದರೆ ಒಳ್ಳೆಯದಾಗುತ್ತದೆ ಅನ್ನುತ್ತೀರಿ, ಆಗಲಿ. ಆದರೆ ಒಳ್ಳೆಯದು ಮಾಡುವುದು ಕುದುರೆಯೋ, ಮನೆಯಿಂದ ಹೊರಗೆ ಬಂದದ್ದೋ, ಬಯಲಿನ ಗಾಳಿಯೋ, ಇಬ್ಬರು ದೊಡ್ಡವರು ಒಂದು ಗಂಟೆ ಬೇರೆ ಯೋಚನೆ ಇಲ್ಲದೆ ಪಕ್ಕದಲ್ಲಿ ನಿಂತದ್ದೋ? ಬಟ್ಟೆಯದರಲ್ಲೇ ಆಗುವುದಾದರೆ ಲಾಯ ಯಾಕೆ, ಮುಚ್ಚಬಹುದಲ್ಲ? ಅದಕ್ಕೇ ಚೀಟಿ ಎತ್ತಿ ಮಕ್ಕಳನ್ನು ಎರಡು ಪಾಲು ಮಾಡಿದ್ದರು. ಒಂದು ಪಾಲಿಗೆ ನಿಜದ ಕುದುರೆ, ಇನ್ನೊಂದಕ್ಕೆ ಅಷ್ಟೇ ಎತ್ತರದ ಬಟ್ಟೆಯದು. ವಾರಕ್ಕೊಮ್ಮೆ ಪ್ರತಿ ಮಗುವೂ ಕಟ್ಟಡದ ಕೊನೆಯ ಕೋಣೆಗೆ ಅವಳ ಹತ್ತಿರ ಬರುತ್ತದೆ. ಅವಳು ಬುಗುರಿ ತಿರುಗಿಸಿ, ನಿಲ್ಲಿಸಿ, ಮಗು ತನ್ನ ಮುಖ ನೋಡುತ್ತದೆಯೇ, ಕೇಳದೆ ಏನಾದರೂ ಮಾತಾಡುತ್ತದೆಯೇ ಎಂದು ಕಾದು ಅಂಕ ಹಾಕಬೇಕು. ಯಾವ ಮಗುವಿಗೆ ಯಾವ ಕುದುರೆ ಎಂದು ಎಲ್ಲರಿಗೂ ಗೊತ್ತು, ಅವಳೊಬ್ಬಳಿಗೆ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ಪಕ್ಷ ವಹಿಸುತ್ತದೆ.

ಹಾಗಾಗಿ ಕೋಣೆಯ ಕಿಟಕಿಗೆ ಬಿಳಿ ಬಣ್ಣ ಬಳಿದಿದ್ದರು. ಅವಳು ಬರುವುದಕ್ಕೆ ಹಿಂದಿನ ಗೇಟು, ಕುಡಿಯುವುದಕ್ಕೆ ಅವಳದೇ ಫ್ಲಾಸ್ಕು. ಉಳಿದವರು ಮುಂದಿನ ಜಗಲಿಯಲ್ಲಿ ಚಹಾ ಕುಡಿಯುತ್ತ ನಗುವುದು ಕೇಳುತ್ತಿತ್ತು. ಯಾವುದಕ್ಕೆ ನಕ್ಕರು ಎಂಬುದು ಕೇಳುತ್ತಿರಲಿಲ್ಲ. ತಾಯಂದಿರು ಮಗುವನ್ನು ಬಾಗಿಲವರೆಗೆ ತಂದು ಬಿಟ್ಟು, ತುಟಿ ಬಿಗಿಹಿಡಿದು ಹೋಗಬೇಕು. ಕುದುರೆ ಅತ್ತಿತ್ತ ನೋಡದಿರಲಿ ಎಂದು ಕಣ್ಣಿನ ಪಕ್ಕಕ್ಕೆ ಕಟ್ಟುವ ಚರ್ಮದ ತುಂಡಿಗೆ ಕಣ್ಣುಪಟ್ಟಿ ಎನ್ನುತ್ತಾರೆ; ಲಾಯದ ಮುದುಕ ಅವಳಿಗೆ ಅದೇ ಹೆಸರಿಟ್ಟಿದ್ದ. ಎದುರು ಸಿಕ್ಕರೆ, "ಕಣ್ಣುಪಟ್ಟಿ ಮೇಡಂ, ಇವತ್ತು ಬಿಸಿಲು ಜೋರು, ಇದಕ್ಕಿಂತ ಹೆಚ್ಚು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ," ಎಂದು ಬಾಯಿಯ ಮೇಲೆ ಬೆರಳಿಟ್ಟುಕೊಂಡು ದಾಟುತ್ತಿದ್ದ. ಅವಳೂ ಬೆರಳಿಟ್ಟುಕೊಳ್ಳುತ್ತಿದ್ದಳು. ವಾರವೆಲ್ಲ ಅವಳ ಜೊತೆ ಯಾರಾದರೂ ತಮಾಷೆ ಮಾಡಿದ್ದು ಎಂದರೆ ಅದೇ. ಗೋಡೆಯ ಆಚೆ ಕುದುರೆಗಳು ಗೊರಸು ಎತ್ತಿ ಇಡುವುದು, ಮೂಗಿನಲ್ಲಿ ಗಾಳಿ ಬಿಡುವುದು, ಹುಲ್ಲು ಅಗಿಯುವುದು ಕೇಳುತ್ತ ಕೇಳುತ್ತ, ಒಂದನ್ನೂ ಕಣ್ಣಿಂದ ನೋಡದಿದ್ದರೂ ನಾಲ್ಕೂ ಬೇರೆ ಬೇರೆ ಎಂದು ಅವಳಿಗೆ ಗೊತ್ತಾಗಿತ್ತು. ಅವು ಗೆಲ್ಲಲಿ ಎಂದು ಆಸೆ ಹುಟ್ಟಿದ್ದು ಯಾವಾಗ ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಈ ಬೆಳಿಗ್ಗೆ ಹತ್ತಕ್ಕೆ ಬರಬೇಕೆಂದು ಡಾಕ್ಟರಮ್ಮ ನಿನ್ನೆ ಸಂಜೆ ಮೆಸೇಜು ಕಳಿಸಿದ್ದರು. 'ಸ್ವಲ್ಪ ಮಾತಾಡೋದಿದೆ.' ಅಷ್ಟೇ. ಸ್ವಲ್ಪ ಎಂದು ಶುರುವಾದ ಮಾತು ಸ್ವಲ್ಪದರಲ್ಲಿ ಮುಗಿದದ್ದನ್ನು ಅವಳು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಮೆಟ್ಟಿಲಿಳಿದು ಅಡುಗೆಮನೆಗೆ ಬಂದಾಗ ಮಂಡಿ ಚುಚ್ಚಿತು, ಗೋಡೆ ಹಿಡಿದುಕೊಂಡಳು. ಅತ್ತಿಗೆ ನೋಡಿಬಿಟ್ಟಳು.

"ಏನಮ್ಮಾ, ಕುಂಟ್ತಾ ಇದೀಯ? ಕುದುರೆ ಒದೀತಾ?"

"ಇಲ್ಲ ಅತ್ತಿಗೆ. ಸುಮ್ನೆ, ಉಳುಕಿದೆ."

ಅತ್ತಿಗೆ ಅಣ್ಣನ ಕಡೆ ತಿರುಗಿದಳು. "ಒದೆಯೋದು ಬಿಡಿ, ಕುದುರೆ ಯಾವ ಬಣ್ಣ ಅಂತಾನೇ ಇವಳಿಗೆ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ, ನಮ್ಮ ನಾದಿನಿ ಗೋಡೆ ಆಚೆ ಕೂತು ಕುದುರೆ ಕೆಮ್ಮು ಕೇಳ್ತಾಳೆ, ಅದಕ್ಕೆ ಸಂಬಳ ಕೊಡ್ತಾರೆ ಅಂತ್ಲಾ?"

ಪೇಪರಿನ ಹಿಂದಿನಿಂದ ಅಣ್ಣ, "ಕುದುರೆ ಕಂಡ್ರೆ ಕಾಲುನೋವು ಅಂತಾರೆ. ಇವಳಿಗೆ ಕಾಣದೇನೇ ಬಂದಿದೆ," ಎಂದ. ಇಬ್ಬರೂ ನಕ್ಕರು. ಅವಳೂ ನಕ್ಕಳು, ಒಂದು ಗಳಿಗೆ ತಡವಾಗಿ. ಆ ತಡ ಅವರಿಗೆ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೆಟ್ಟವರಲ್ಲ. ಅವಳು ಪಾಠ ಹೇಳುತ್ತಿದ್ದ ಶಿಶುವಿಹಾರ ಮುಚ್ಚಿದಾಗ ಮೇಲಿನ ಕೋಣೆ ಖಾಲಿ ಮಾಡಿಸಿ, ಮಂಚ ಹಾಕಿಸಿ, ಇರು ಎಂದವರು. ಅದಾಗಿ ವರ್ಷಗಳೇ ಆದವು. "ಮಧ್ಯಾಹ್ನ ನಾವು ಹೊರಗೆ ಹೋಗ್ತೀವಿ, ಚಾವಿ ಪಕ್ಕದ ಮನೇಲಿ ಕೊಟ್ಟಿರ್ತೀನಿ, ಕೇಳಿ ಇಸ್ಕೋ," ಎಂದಳು ಅತ್ತಿಗೆ. ಒಂದು ಚಾವಿ ಮಾಡಿಸಿಕೊಡಿ ಎಂದು ಕೇಳುವುದು ಏನು ಮಹಾ. ಕೇಳಿದರೆ ಅಯ್ಯೋ ಮರೆತೇಹೋಗಿತ್ತು ಎಂದು ಇವತ್ತೇ ಮಾಡಿಸಿಕೊಡುತ್ತಾರೆ. ಆದರೆ ಕೇಳಿ ಪಡೆದ ಚಾವಿಯಿಂದ ಬಾಗಿಲು ತೆಗೆದು ಒಳಗೆ ಬರುವುದು ಬೇರೆ, ಅವರಾಗಿ ಕೈಯಲ್ಲಿಡುವುದು ಬೇರೆ. ಚಿಕ್ಕಂದಿನಲ್ಲೂ ಹೀಗೇ. ಅಪ್ಪ ಅಂಬೆಗಾಲಿಟ್ಟು ಕುದುರೆಯಾಗುತ್ತಿದ್ದ, ಅಣ್ಣ ಬೆನ್ನೇರಿ ನಡುಮನೆಯೆಲ್ಲ ಸುತ್ತುತ್ತಿದ್ದ. ತನ್ನ ಸರದಿ ಬರಲಿ ಎಂದು ಅವಳು ಕಂಬ ಹಿಡಿದು ನಿಂತಿರುತ್ತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಅಪ್ಪ ಬೋರಲು ಬಿದ್ದು, "ಕುದುರೆಗೆ ಸುಸ್ತಾಯ್ತು ಮಗಳೇ," ಎನ್ನುತ್ತಿದ್ದ. ಸುಳ್ಳೇನೂ ಅಲ್ಲ, ನಿಜವಾಗಿಯೂ ಸುಸ್ತಾಗಿರುತ್ತಿತ್ತು. ಅದಕ್ಕೇ ಅವಳಿಗೆ ಸಿಟ್ಟು ಮಾಡುವುದಕ್ಕೂ ಜಾಗ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ತೂಕಡಿಸಿ ಅವಳ ಹೆಗಲಿಗೆ ತಲೆಯಾನಿಸಿದಳು, ಎಬ್ಬಿಸಬೇಕೆನ್ನಿಸಲಿಲ್ಲ. ಶುಕ್ರವಾರ ಗುಂಡಿ ಎಂಬ ಮಗು ಹೀಗೇ ಅವಳ ಬೆನ್ನಿಗೆ ಒರಗಿತ್ತು. ಮೊದಲ ದಿನ ಮಗುವನ್ನು ಬಿಡಲು ಬಂದ ತಾಯಿ ನಿಯಮ ಮರೆತು, "ಗುಂಡಿ ಅಂದ್ರೆ ಹಳ್ಳ ಅಲ್ಲ ಮೇಡಂ, ಅಂಗಿ ಗುಂಡಿ. ಯಾರ ಮುಖಾನೂ ನೋಡಲ್ಲ, ಅಂಗಿ ಗುಂಡಿ ಮಾತ್ರ ನೋಡ್ತಾಳೆ, ಅದಕ್ಕೇ ಆ ಹೆಸರು," ಎಂದು ಹೇಳಿ, ನಾಲಿಗೆ ಕಚ್ಚಿಕೊಂಡು ಹೋಗಿದ್ದಳು. ಏಳು ವರ್ಷದ ಹುಡುಗಿ. ಮಾತಿಲ್ಲ, ಒಂದು ಗುಂಯ್‌ಗುಡುವ ರಾಗ ಮಾತ್ರ. ಬುಗುರಿ ನಿಂತರೆ ಉಳಿದ ಮಕ್ಕಳು ಅಳುತ್ತವೆ, ಕಿತ್ತುಕೊಳ್ಳುತ್ತವೆ, ಕೈ ಹಿಡಿದೆಳೆಯುತ್ತವೆ. ಇವಳು ನಿಂತ ಬುಗುರಿಯನ್ನೂ ತಿರುಗುವುದರಷ್ಟೇ ಗಮನವಿಟ್ಟು ನೋಡುತ್ತಿದ್ದಳು, ಅದಾಗಿಯೇ ಮನಸ್ಸು ಬದಲಿಸಲಿ ಎನ್ನುವಂತೆ. ಅವಳಿಗೆ ಆ ಮಗು ಅರ್ಥವಾಗುತ್ತದೆ ಎನ್ನಿಸುತ್ತಿತ್ತು. ಹಾಗೆ ಅನ್ನಿಸುವುದೇ ಈ ಕೆಲಸದಲ್ಲಿ ತಪ್ಪು ಎಂದೂ ಗೊತ್ತಿತ್ತು. ಆಮೇಲೆ ಒಂದು ದಿನ ಮಗುವಿನ ಸ್ವೆಟರಿನ ತೋಳಿನ ಮೇಲೆ ಒಂದು ಕಂದು ಕೂದಲು ಕಂಡಿತು. ಗಿಡ್ಡ, ಒರಟು, ನೆಟ್ಟಗಿನ ಕೂದಲು. ಮನುಷ್ಯರದಲ್ಲ. ಬೆವರಿನ ವಾಸನೆಯೂ ಇತ್ತು, ಗೋಡೆಯ ಆಚೆಯ ಆ ಬೆಚ್ಚಗಿನ ವಾಸನೆ. ಬೆರಳ ತುದಿಯಲ್ಲಿ ಅದನ್ನು ಎತ್ತಿ ಕಿಟಕಿಯ ಬಿಳಿ ಬೆಳಕಿಗೆ ಹಿಡಿದಳು. ಓ, ಇವಳು ಹತ್ತುವವಳು. ಇವಳ ಪಾಲಿಗೆ ನಿಜದ ಕುದುರೆ ಬಂದಿದೆ.

ಆಗಲೇ ಡಾಕ್ಟರಮ್ಮನಿಗೆ ಹೇಳಬೇಕಿತ್ತು. ಗೊತ್ತಾದ ಕೂಡಲೇ ಹೇಳುವುದು ಎಂದೇ ಒಪ್ಪಂದ. ಹೇಳಿದರೆ ಆ ಮಗುವನ್ನು ಅವಳಿಂದ ತೆಗೆದುಬಿಡುತ್ತಾರೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಗೆ ಇನ್ನೊಂದು ನಾಳೆ ಇತ್ತು. ಅಷ್ಟರಲ್ಲಿ ಕೈ ತಾನಾಗಿ ಧಾರಾಳವಾಯಿತು. ಮಗು ಅವಳ ಕೊರಳ ಕೆಳಗಿನ ಗುಂಡಿಯಿಂದ ಕಣ್ಣೆತ್ತಿ ಗಲ್ಲದವರೆಗೆ ಬಂದರೆ ಮುಖ ನೋಡಿತು ಎಂದು ಬರೆದಳು. ರಾಗ ಸ್ವಲ್ಪ ಏರಿದರೆ ಮಾತಿನ ಪ್ರಯತ್ನ ಎಂದು ಬರೆದಳು. ಸುಳ್ಳು ಎಂದು ಹೇಳಲಾಗದ ಸುಳ್ಳು. ಹಾಲಿಗೆ ನೀರು ಹಾಕುವವರೂ ಹೀಗೇ ಶುರುಮಾಡುತ್ತಾರೆ, ಪಾತ್ರೆ ತೊಳೆದ ನೀರು ಎಂದು. ಯಾರಿಗೆ ಲಾಭ? ಅವಳಿಗೇನೂ ಇಲ್ಲ. ಗೋಡೆಯ ಆಚೆ ಅಗಿಯುತ್ತಿರುವ ನಾಲ್ಕು ಮೂಕ ಪ್ರಾಣಿಗಳು, ಲಾಯ ಮುಚ್ಚಿದರೆ ಎಲ್ಲಿಗೆ ಹೋಗಬೇಕು ಅವು? ಹಾಗೆ ಯೋಚಿಸಿದಾಗ ತಾನು ದೊಡ್ಡ ಮನಸ್ಸಿನವಳು ಎನ್ನಿಸಿ ಒಂದು ಬಗೆಯ ಸುಖ ಆಗುತ್ತಿತ್ತು. ಆ ಸುಖದ ಮೇಲೇ ಅವಳಿಗೆ ಅನುಮಾನ.

ಕಳೆದ ಶುಕ್ರವಾರ ಬುಗುರಿ ಮೇಜಿನ ಕೆಳಗೆ ಉರುಳಿತ್ತು. ಎತ್ತಿಕೊಳ್ಳಲು ಬಗ್ಗಿದಳು. ಕೊರಳಲ್ಲಿ ಇಳಿಬಿಟ್ಟಿದ್ದ ಶಾಲಿನ ಎರಡೂ ತುದಿ ಕೆಳಕ್ಕೆ ಜೋತವು. ಅವನ್ನು ಯಾರೋ ಹಿಂದಿನಿಂದ ಹಿಡಿದೆಳೆದರು. ಬೆನ್ನಿನ ಮೇಲೆ ಒಂದು ಭಾರ ಒರಗಿತು, ಬಿಸಿ ಉಸಿರಿನ ಸಣ್ಣ ಭಾರ. ಕಿವಿಯ ಹತ್ತಿರ, ಒಡಕು ದನಿಯಲ್ಲಿ, ತುಂಬ ದಿನದಿಂದ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ತೆಗೆದ ಹಾಗೆ, "ನಡಿ."

ಅಂಕ ಹಾಕುವವಳು ಏನು ಮಾಡಬೇಕು ಎಂದು ನಿಯಮದಲ್ಲಿ ಇತ್ತು. ತಿರುಗಬೇಕು, ಕಾಯಬೇಕು, ಮಗು ಮತ್ತೆ ಹೇಳುತ್ತದೆಯೇ ನೋಡಬೇಕು, ಬರೆಯಬೇಕು. ಅವಳು ನಡೆದಳು. ಬಗ್ಗಿದ ಹಾಗೇ, ಮೇಜಿನ ಸುತ್ತ, ಕುರ್ಚಿಯನ್ನು ಸೊಂಟದಿಂದ ತಳ್ಳುತ್ತ, ಮೇಜಿನ ಕಾಲಿಗೆ ಮಂಡಿ ಬಡಿಸಿಕೊಳ್ಳುತ್ತ. ನಿಂತರೆ ಮತ್ತೆ, "ನಡಿ." ಶಾಲು ಕುತ್ತಿಗೆಗೆ ಬಿಗಿಯುತ್ತಿತ್ತು. ಅವಳನ್ನು ಯಾರಾದರೂ ಏನನ್ನಾದರೂ ಹೀಗೆ, ಸಂಕೋಚವಿಲ್ಲದೆ, ಕೊಡಲೇಬೇಕಾದದ್ದು ಎನ್ನುವಂತೆ ಕೇಳಿ ಎಷ್ಟು ಕಾಲವಾಯಿತು? ಉಪಕಾರವಾಯಿತು, ತೊಂದರೆಯಾಯಿತೇನೋ, ನಿಮಗ್ಯಾಕೆ ಸುಮ್ಮನೆ, ಇಂಥವೇ ಮಾತು ಎಲ್ಲರದೂ. ಮೂಲೆಯಲ್ಲಿ, ಬರುವ ಎಲ್ಲ ಮಕ್ಕಳನ್ನೂ ಚಿತ್ರ ತೆಗೆಯುವ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದ್ದದ್ದು ಅವಳಿಗೆ ನೆನಪಾದದ್ದು ಅವತ್ತು ಮನೆಗೆ ಹೋಗುವ ಬಸ್ಸು ಹತ್ತಿದ ಮೇಲೆ.

ಡಾಕ್ಟರಮ್ಮನ ಕೋಣೆಗೆ ಅವಳು ಕೆಲಸಕ್ಕೆ ಸೇರಿದ ದಿನ ಬಂದವಳು, ಇವತ್ತು ಎರಡನೇ ಸಲ. ಕಿಟಕಿಯ ಪರದೆ ಎಳೆದಿದ್ದರು, ಅವಳಿಗಾಗಿಯೇ.

"ಕೂತ್ಕೊಳ್ಳಿ. ಮಂಡಿ ಹೇಗಿದೆ?"

ನೋಡಿದ್ದಾರೆ ಎಂದಾಯಿತು. ಡಾಕ್ಟರಮ್ಮ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಮೇಲಿನ ಮೂಲೆಯಿಂದ ತೆಗೆದ ಚಿತ್ರ. ಕಂದು ಸ್ವೆಟರಿನ ದಪ್ಪ ಹೆಂಗಸೊಬ್ಬಳು ಸೊಂಟ ಬಗ್ಗಿಸಿ ಮೇಜು ಸುತ್ತುತ್ತಿದ್ದಾಳೆ. ಕೂದಲು ಕೆದರಿದೆ. ಹಿಂಬದಿಯ ಅಂಗಿ ಮೇಲೆ ಸರಿದು ಒಳಗಿನದು ಕಾಣುತ್ತಿದೆ. ಎರಡನೇ ಸುತ್ತಿನಲ್ಲಿ ಆ ಹೆಂಗಸು ತುಟಿ ಅದುರಿಸಿ ಬುರ್ರ್ ಎಂದಳು, ಕುದುರೆಯ ಹಾಗೆ. ಇದನ್ನು ಮಾಡಿದ್ದು ಅವಳಿಗೆ ನೆನಪೇ ಇರಲಿಲ್ಲ. ಕಿವಿಯವರೆಗೆ ಬಿಸಿಯೇರಿತು. ಎಲ್ಲರೂ ನೋಡಿದ್ದಾರೆಯೇ, ಮುಂದಿನ ಜಗಲಿಯ ನಗು ಇದಕ್ಕೇ ಇತ್ತೇ ಎಂದು ಕೇಳಬೇಕೆನ್ನಿಸಿತು.

"ನಾನೊಬ್ಬಳೇ ನೋಡಿರೋದು," ಎಂದರು ಡಾಕ್ಟರಮ್ಮ, ಕೇಳಿಸಿದಂತೆ. "ನೋಡಿ, ಎಡವದೆ ಇರೋರು ಯಾರು? ಅವತ್ತಿನ ಒಂದು ದಿನದ ಅಂಕ ಬಿಟ್ಟುಬಿಡೋಣ. ಶುಕ್ರವಾರದಿಂದ ಮಾಮೂಲಿ. ಶಾಲು ಮಾತ್ರ ಮನೇಲಿ ಬಿಟ್ಟು ಬನ್ನಿ."

ಅಲ್ಲಿಗೆ ಮುಗಿದಿತ್ತು. ಅವಳು ಎದ್ದಳು, ಸರಿ ಡಾಕ್ಟ್ರೇ ಎಂದಳು, ಬಾಗಿಲವರೆಗೆ ಬಂದಳು. ಶುಕ್ರವಾರ ಮತ್ತೆ ಮಗು ಬರುತ್ತದೆ, ಮತ್ತೆ ಬುಗುರಿ. ಬಾಯಿ ಮುಚ್ಚಿಕೊಂಡಿದ್ದರೆ ವರ್ಷದ ಕೊನೆಯವರೆಗೂ ಬರುತ್ತದೆ. ಬೇರೆ ಮಕ್ಕಳೂ ಇದ್ದಾರೆ. ಅವರ ತಾಯಂದಿರೂ ತುಟಿ ಬಿಗಿಹಿಡಿದು ಅವಳ ಮುಖ ನೋಡುತ್ತಾರೆ, ಇವಳ ಕೈಯಲ್ಲೇನೋ ತಕ್ಕಡಿ ಇದೆ ಎನ್ನುವ ಹಾಗೆ. ಬಾಗಿಲ ಹಿಡಿ ತಣ್ಣಗಿತ್ತು.

"ನಂಗೆ ಗೊತ್ತಿತ್ತು, ಡಾಕ್ಟ್ರೇ."

"ಏನು?"

"ಗುಂಡಿ ನಿಜದ ಕುದುರೆ ಹತ್ತೋ ಮಗು ಅಂತ. ತೋಳಿನ ಮೇಲೆ ಕೂದಲು ಇತ್ತು. ತುಂಬಾ ದಿನ ಆಯ್ತು. ಹೇಳ್ಲಿಲ್ಲ. ಅವತ್ತಿಂದ ಕೈ ಸ್ವಲ್ಪ ಧಾರಾಳ ಆಯ್ತು."

"ಎಷ್ಟು ಧಾರಾಳ?"

"ಅರ್ಧ ನೋಟ ಇದ್ರೆ ಪೂರ್ತಿ ಅಂತ ಹಾಕ್ದೆ."

"ಯಾಕೆ?" ಡಾಕ್ಟರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದಿದ್ದರೆ ಸುಲಭವಾಗುತ್ತಿತ್ತು.

"ಕುದುರೆ ಗೆಲ್ಲಲಿ ಅಂತ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡಳು, ನಗುತ್ತಿದ್ದರು. ನಗುವಿನಲ್ಲಿ ಸಂತೋಷ ಇರಲಿಲ್ಲ.

"ಇನ್ನು ನೀವು ಈ ಕೆಲಸದಲ್ಲಿ ಇರೋಕಾಗಲ್ಲ. ಹಾಗಾಗಿ ಹೇಳಬಹುದು. ಗುಂಡಿ ಬಟ್ಟೆ ಕುದುರೆ ಪಾಲಿನವಳು. ನಿಜದ ಕುದುರೆ ಮೈಮೇಲೆ ಒಂದು ಸಲಾನೂ ಕೈ ಇಟ್ಟಿಲ್ಲ."

"ಆ ಕೂದಲು?"

"ಜೀನಿನ ಕೆಳಗೆ ಹಾಸೋ ಕಂಬಳಿ ಒಂದೇ ಇರೋದು. ಇದರ ಮೇಲಿಂದ ತೆಗೆದು ಅದರ ಮೇಲೆ ಹಾಕ್ತಾರೆ. ಬೇರೆ ತರಿಸ್ಬೇಕಿತ್ತು, ಅದು ನನ್ನ ತಪ್ಪು. ನಿಮ್ಮ ಧಾರಾಳ ಎಲ್ಲ ಬಟ್ಟೆ ಕುದುರೆ ಲೆಕ್ಕಕ್ಕೆ ಹೋಗಿದೆ ಮೇಡಂ."

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು, ಯಾರೂ ಕೂರಲು ಹೇಳದಿದ್ದರೂ. ಗೋಡೆಯ ಆಚೆ ಹುಲ್ಲು ಅಗಿಯುವ ಸದ್ದಿಗೆ ಕಿವಿಗೊಟ್ಟು, ನಿಮ್ಮ ಕಡೆಗೇ ಇದ್ದೇನೆ ಎಂದು ಮನಸ್ಸಿನಲ್ಲೇ ಹೇಳುತ್ತ, ಇಷ್ಟು ದಿನ ಅವುಗಳ ಬಾಯಿಂದ ಒಂದೊಂದೇ ಎಳೆ ಕಿತ್ತುಕೊಂಡಿದ್ದಳು. ಉಪಕಾರ ಮಾಡುತ್ತೇನೆಂದು ಕತ್ತಲಲ್ಲಿ ಕೈಚಾಚಿದರೆ ಹೀಗೇ. "ಮತ್ತೆ, ನಡಿ ಅಂದ್ಲಲ್ಲ?" ಎಂದಳು.

"ಎಲ್ಲ ಮಕ್ಕಳಿಗೂ ಅದೇ ಪಾಠ. ಹತ್ತಿಸಿ ಕೂರಿಸಿ, ನಡಿ ಅನ್ನು ಅಂತೀವಿ. ನಿಜದ್ದಾದ್ರೆ ಮುದುಕ ಹಗ್ಗ ಹಿಡಿದು ನಡೆಸ್ತಾನೆ. ಬಟ್ಟೇದಾದ್ರೆ ಮಗು ಅಂತು ಅಂತ ಚಪ್ಪಾಳೆ ತಟ್ತೀವಿ. ಗುಂಡಿ ಅದರ ಮೇಲೆ ಕೂತು ಒಂದು ಸಲಾನೂ ಬಾಯಿ ಬಿಟ್ಟಿಲ್ಲ." ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು. "ಅದು ನಡೆಯಲ್ಲ ಅಂತ ಅವಳಿಗೆ ಗೊತ್ತಲ್ಲ. ಸುಮ್ನೆ ಯಾಕೆ ಹೇಳ್ತಾಳೆ?"

ಉಳಿದ ಮಕ್ಕಳದನ್ನೆಲ್ಲ ಬೇರೆ ಯಾರಾದರೂ ಚಿತ್ರ ನೋಡಿ ಹೊಸದಾಗಿ ಅಂಕ ಹಾಕಬೇಕು. ಗುಂಡಿಯನ್ನು ಅಧ್ಯಯನದಿಂದಲೇ ತೆಗೆಯಬೇಕು ಎಂದರು. ಅಂಕ ಹಾಕುವವಳೇ ಅವಳ ಕುದುರೆಯಾದ ಮೇಲೆ ಬಟ್ಟೆಯದರಿಂದ ಏನಾಯಿತು ಎಂದು ಹೇಳುವುದು ಹೇಗೆ? ಅವಳು ತಲೆಯಾಡಿಸಿದಳು. ಆಮೇಲೆ, ಶಿಶುವಿಹಾರದಲ್ಲಿ ಇಪ್ಪತ್ತು ವರ್ಷ ಮಕ್ಕಳ ತಗಾದೆ ಬಿಡಿಸಿದವಳ ಬುದ್ಧಿ ಓಡಿತು.

"ತೆಗೆದ್ಮೇಲೆ ಅವಳು ಯಾವ ಪಾಲಿಗೂ ಸೇರಿದವಳಲ್ಲ ತಾನೆ? ನಿಜದ ಕುದುರೆ ಹತ್ತಿಸೋಕೆ ಯಾರಪ್ಪಂದೇನು ಅಡ್ಡಿ?"

ಡಾಕ್ಟರಮ್ಮ ಅವಳನ್ನು ನೋಡಿದರು. "ಅಡ್ಡಿ ಇಲ್ಲ," ಎಂದರು. "ಲಾಯ ಇರೋವರೆಗೂ ಹತ್ತಬಹುದು."

ಮುಂದಿನ ಬಾಗಿಲಿನಿಂದ ಹೋಗಿ ಎಂದದ್ದು ಅವರೇ. ಅಂಗಳದಲ್ಲಿ ಬಿಸಿಲಿತ್ತು. ತಾಯಿ ಬೆಂಚಿನ ಮೇಲೆ ಕೂತಿದ್ದಳು, ಗುಂಡಿ ನೆಲದಲ್ಲಿ ನೀರಿನ ಬಕೆಟ್ಟಿನ ಎದುರು ಕುಕ್ಕರುಗಾಲಲ್ಲಿ ಕೂತು ಅದರೊಳಗಿನ ಆಕಾಶವನ್ನು ನೋಡುತ್ತಿದ್ದಳು. ಅವಳು ಹತ್ತಿರ ಹೋದಾಗ ತಾಯಿ ಅಭ್ಯಾಸದಿಂದ ತುಟಿ ಬಿಗಿಹಿಡಿದಳು.

"ಇನ್ನು ಮಾತಾಡಬಹುದಮ್ಮ. ನಾನು ಕೆಲಸ ಬಿಟ್ಟೆ." ಬಿಟ್ಟೆ ಎಂದಳು, ಬಿಡಿಸಿದರು ಎನ್ನಲಿಲ್ಲ. "ಡಾಕ್ಟ್ರು ನಿಮ್ಮನ್ನ ಕರೀತಾರೆ. ಗುಂಡೀನ ಲೆಕ್ಕದಿಂದ ತೆಗೀತಾರೆ. ತಪ್ಪು ನಂದು, ಮಗೂದಲ್ಲ. ಆದ್ರೆ ಇನ್ಮೇಲೆ ನಿಜದ ಕುದುರೆ ಹತ್ತಿಸ್ತಾರೆ."

ತಾಯಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಮಾತಾಡಬಹುದು ಎಂಬುದು ಅರ್ಥವಾಯಿತು. ಕಟ್ಟೆ ಒಡೆದಂತೆ ಶುರುಮಾಡಿದಳು. "ಮೇಡಂ, ನಿಮ್ಮನ್ನ ಕೇಳ್ಬೇಕು ಅಂತಾನೇ ಇದ್ದೆ, ಕೇಳಂಗಿಲ್ಲ ಅಂತ ಸುಮ್ಮನಿದ್ದೆ. ಶುಕ್ರವಾರ ರೂಮಲ್ಲಿ ಏನಾಯ್ತು? ಅವತ್ತಿಂದ ನನ್ನ ದುಪಟ್ಟಾ ಬಿಡಲ್ಲ. ಹಿಂದಿಂದ ಹಿಡ್ಕೊಂಡು ನಡಿ ಅಂತಾಳೆ. ಏಳು ವರ್ಷ ಆಯ್ತು ಮೇಡಂ, ಅಮ್ಮ ಅಂದಿಲ್ಲ, ನೀರು ಅಂದಿಲ್ಲ, ಈಗ ನೋಡಿ ಒಂದೇ ಸಮ ಹುಕುಂ. ಅಡುಗೆಮನೆ ಸುತ್ತಿ ಸುತ್ತಿ ಸೊಂಟ ಬಿದ್ದುಹೋಯ್ತು. ರಾತ್ರಿ ಅವರಪ್ಪನ್ನೂ ಬಿಡಲಿಲ್ಲ. ಅವರ ಬೆಲ್ಟು ಹಿಡ್ಕೊಂಡು ನಡಿ, ನಡಿ. ದೊಡ್ಡ ಮೀಸೆ ಇಟ್ಕೊಂಡು ಅಳ್ತಾ ನಡೀತಿದ್ರು." ಅವಳು ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಒಳ್ಳೇದಾಯ್ತು," ಎಂದಳು ಅವಳು. ಒಳ್ಳೆಯದೇ ಆಗಿತ್ತು. ಆದರೂ ಒಳಗೆ ಯಾವುದೋ ಒಂದು ಕಡೆ, ಈ ವಯಸ್ಸಿನಲ್ಲಿ ನಾಚಿಕೆಯಾಗಬೇಕಾದ ಕಡೆ, ಚುರುಕ್ಕೆಂದಿತು. ಆ ಮಾತು ಈ ಮೂರು ದಿನ ತನ್ನೊಬ್ಬಳದು ಎಂದುಕೊಂಡಿದ್ದಳು. ಹೊಲಿಗೆ ಹಾಕುವಾಗ, ಬಟ್ಟೆ ಒಣಗಿಸುವಾಗ, ಕೆಳಗೆ ಅವರಿಬ್ಬರೂ ಟೀವಿ ನೋಡಿ ನಗುವಾಗ ಅದನ್ನು ತೆಗೆದು ನೋಡಿಕೊಂಡು ಮತ್ತೆ ಒಳಗಿಟ್ಟಿದ್ದಳು. ಮಗುವಿಗೆ ನಡೆಯುವ ಯಾರಾದರೂ ಆಗುತ್ತಿತ್ತು. ಅಮ್ಮ, ಅಪ್ಪ. ಹಾಗೇ ಆಗಬೇಕಾದದ್ದು ತಾನೆ?

"ಗುಂಡಿ, ಮೇಡಂಗೆ ಟಾಟಾ ಮಾಡು. ಇಲ್ಲಿ ನೋಡು, ಮೇಡಂ ಹೊರಟ್ರು."

ಗುಂಡಿ ಬಕೆಟ್ಟಿನಿಂದ ತಲೆಯೆತ್ತಿದಳು. ಕಣ್ಣು ಅವಳ ಸ್ವೆಟರಿನ ಕೆಳಗಿನ ಗುಂಡಿಯಿಂದ ಒಂದೊಂದೇ ಮೇಲಕ್ಕೆ ಬಂದು ಕೊರಳ ಹತ್ತಿರದ ಗುಂಡಿಯಲ್ಲಿ ನಿಂತಿತು. ಶಾಲು ಇವತ್ತೂ ಕೊರಳಲ್ಲೇ ಇತ್ತು, ಎರಡೂ ತುದಿ ಕೈಗೆ ಸಿಗುವಷ್ಟು ಹತ್ತಿರ. ಅವಳು ಸ್ವಲ್ಪ ಬಗ್ಗಿ ಕಾದಳು. ಲಾಯದ ಕಡೆಯಿಂದ ಮುದುಕ ಒಂದು ಕಂದು ಕುದುರೆಯನ್ನು ಹಿಡಿದುಕೊಂಡು ಬಂದ. ಅವಳು ಎಣಿಸಿದ್ದಕ್ಕಿಂತ ಗಿಡ್ಡ, ಹೊಟ್ಟೆ ಜೋತ ಮುದಿ ಕುದುರೆ, ನೊಣ ಓಡಿಸಲು ಕಿವಿ ಆಡಿಸುತ್ತಿತ್ತು. ಮಗುವಿನ ಕಣ್ಣು ಗುಂಡಿಯನ್ನು ಬಿಟ್ಟು ಆ ಕಡೆ ಹೋಯಿತು, ಆಡುವ ಕಿವಿಯ ಮೇಲೆ ನಿಂತಿತು. ಬಾಯಿ ತೆರೆಯಲಿಲ್ಲ. ಅವಳ ಕಡೆಗೆ ತಿರುಗಲೂ ಇಲ್ಲ.

ಅವಳು ಮುಂದಿನ ಗೇಟಿನಿಂದ ಹೊರಗೆ ಬಂದಳು. ಕೆಲಸ ಹೋಯಿತು. ಗುಂಡಿಯ ಇಷ್ಟು ತಿಂಗಳು ಯಾವ ಲೆಕ್ಕಕ್ಕೂ ಸೇರದೆ ಹೋಯಿತು, ಕುದುರೆಗಳಿಗೆ ಅದರಿಂದ ಲಾಭವೂ ಆಗಲಿಲ್ಲ. ಮಗುವಿಗೆ ಒಂದು ಮಾತು ಬಂತು. ಹೇಳಿದರೆ ಎದುರಿನವರು ನಡೆಯುತ್ತಾರೆ ಎಂಬುದೂ ತಿಳಿಯಿತು. ಮೊದಲು ನಡೆದವಳು ಅವಳು. ಅದು ಮಗುವಿಗೆ ನೆನಪಿಲ್ಲ, ಅವಳಿಗೆ ಇದೆ.